ಗುರುವಾರದ ಹದಿನೈದು ನಿಮಿಷ

ಯುಪಿಎಸ್ ಮಾರುವವನ ಅಂಗಡಿಗೆ ನಗುನಗುತ್ತ ಬಂದ ಗಿರಾಕಿಯನ್ನು ಯಾರಾದರೂ ನೋಡಿದ್ದರೆ ಹೇಳಬೇಕು. ಬಂಗಾರದ ಅಂಗಡಿಗೆ ಜನ ಸಿಂಗರಿಸಿಕೊಂಡು ಹೋಗುತ್ತಾರೆ, ಬಟ್ಟೆ ಅಂಗಡಿಗೆ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಹೋಗುತ್ತಾರೆ. ಇಲ್ಲಿಗೆ ಮಾತ್ರ ಏನನ್ನಾದರೂ ಕಳೆದುಕೊಂಡ ಮೇಲೆಯೇ ಬರುವುದು. ಒಬ್ಬರ ಮಾನಿಟರ್ ಸುಟ್ಟಿರುತ್ತದೆ. ಇನ್ನೊಬ್ಬರು ಬೆಳಗಿನಿಂದ ಕೂತು ಟೈಪ್ ಮಾಡಿದ್ದು ಕರೆಂಟ್ ಹೋದ ಒಂದೇ ಕ್ಷಣದಲ್ಲಿ ಮಾಯವಾಗಿರುತ್ತದೆ. ಹೀಗಾಗಿ ಹುಬ್ಬಳ್ಳಿಯಲ್ಲಿ ಅಂಥ ಅಂಗಡಿಯಿಟ್ಟ ಶಿವಯೋಗೀಶನಿಗೆ ಪರಿಚಯವಿದ್ದ ಮುಖಗಳೆಲ್ಲ ಹೆಚ್ಚುಕಡಿಮೆ ಸಿಟ್ಟಿನ ಮುಖಗಳೇ.

ಅದು ಎರಡು ಸಾವಿರದ ಎರಡನೇ ಇಸವಿಯ ಬೇಸಿಗೆ. ಊರಿಗೆಲ್ಲ ಲೋಡ್ ಶೆಡ್ಡಿಂಗ್ ಶುರುವಾಗಿತ್ತು, ದಿನಾ ಗೊತ್ತಾದ ಹೊತ್ತಿಗೆ ಕರೆಂಟ್ ತೆಗೆಯುತ್ತಿದ್ದರು. ಅಂಗಡಿಯ ಒಂದು ಬದಿಗೆ ಮೋಟಾರು ಸುತ್ತುವ ಖಾದರಬಾಷಾನ ಮೇಜು, ಇನ್ನೊಂದು ಬದಿಗೆ ಶಿವಯೋಗೀಶನ ಮೇಜು, ನಡುವೆ ಇಬ್ಬರಿಗೂ ಸೇರಿದ ಒಂದು ಫೋನು. ಒಂದು ಗುರುವಾರ ಸಂಜೆ ನಾಲ್ಕು ಗಂಟೆಯ ಮೇಲೆ ಆ ಫೋನು ರಿಂಗಾಯಿತು.

"ನಿಮ್ಮ ಡಬ್ಬಿ ಹದಿನೈದು ನಿಮಿಷ ನಡೀತದ ಅಂದಿದ್ರಿ. ಆರ ನಿಮಿಷಕ್ಕ ಕಣ್ಣ ಮುಚ್ಚಿತು. ನಾ ಗಡಿಯಾರ ನೋಡಕೋತ ಕುಂತಿದ್ದೆ," ಎಂದಿತು ಒಂದು ಹೆಣ್ಣು ದನಿ.

"ಯಾವಾಗ ಒಯ್ದದ್ರಿ ಅಕ್ಕಾರ?"

"ಸೋಮವಾರ. ನೀವು ಇರಲಿಲ್ಲ, ಇನ್ನೊಬ್ರು ಕೊಟ್ರು. ಇಲ್ಲಿ ಪಿಎಚ್‌ಡಿ ಮಾಡೂ ಹುಡುಗನ ಪ್ರಬಂಧ ನನ್ನ ತಲೀ ಮ್ಯಾಲ ಕುಂತೈತಿ. ಹೋದ ತಿಂಗಳ ಇಪ್ಪತ್ತೆರಡು ಪುಟ ಹೋದ್ವು. ಇನ್ನೊಮ್ಮೆ ಹೋದ್ರ ನನಗ ಯಾರೂ ಕೆಲಸಾ ಕೊಡೂದಿಲ್ರಿ."

ದನಿಯಲ್ಲಿ ಸಿಟ್ಟಿತ್ತು, ಆದರೆ ಸಿಟ್ಟಿನ ಕೆಳಗೆ ಅಂಜಿಕೆಯೂ ಇತ್ತು. ಇಪ್ಪತ್ತು ವರ್ಷ ರೇಡಿಯೋ, ಸ್ಟೆಬಿಲೈಸರು, ಯುಪಿಎಸ್ಸು ಎಂದು ಸದ್ದು ಕೇಳಿಯೇ ರೋಗ ಹಿಡಿದವನಿಗೆ ಅದು ಗೊತ್ತಾಗದೆ ಇರಲಿಲ್ಲ. ಅವನು ವಿಳಾಸ ಬರೆದುಕೊಂಡು ಲೂನಾ ಹತ್ತಿದ.

ದೇಶಪಾಂಡೆ ನಗರದ ಒಳಗಲ್ಲಿ. ಎದುರಿಗೆ ಹೊಳೆಯಪ್ಪನ ಹಿಟ್ಟಿನ ಗಿರಣಿ, ಕರೆಂಟಿಲ್ಲದೆ ನಿಂತಿತ್ತು. ಕೆಳಗಿನ ಮನೆಯಲ್ಲಿ ಮಾಲಕಿ ದೇವಕ್ಕ ಇದ್ದಳು, ಕಟ್ಟೆಯ ಮೇಲೆ ಕುಳಿತು ಶೇಂಗಾ ಆರಿಸುತ್ತಿದ್ದಳು. ಮೇಲಿನ ಎರಡು ಕೋಣೆಗೆ ಹೊರಗಿನಿಂದಲೇ ಮೆಟ್ಟಿಲು. ಬಾಗಿಲು ಹಾರುಹೊಡೆದಿತ್ತು, ಒಳಗೆ ಒಬ್ಬ ಹೆಂಗಸು ಕಾಗದಗಳನ್ನು ಎತ್ತಿ ಇಟ್ಟು ಏನನ್ನೋ ಹುಡುಕುತ್ತಿದ್ದಳು.

"ಬಂದ್ರಿ? ಒಂದ ನಿಮಿಷ. ಚಷ್ಮಾ ಇಲ್ಲದ ನನಗ ಜಗಳಾ ಮಾಡಾಕ ಆಗೂದಿಲ್ಲ."

"ಅಕ್ಕಾರ, ಅದು ಹಣೀ ಮ್ಯಾಲ ಐತ್ರಿ."

ಅವಳು ಕೈ ಎತ್ತಿ ಮುಟ್ಟಿ ನೋಡಿಕೊಂಡಳು. ಕನ್ನಡಕವನ್ನು ಮೂಗಿಗೆ ಇಳಿಸಿ ಅವನನ್ನು ಒಮ್ಮೆ ನೆಟ್ಟಗೆ ನೋಡಿದಳು. ನಗಬಾರದೆಂದು ತುಟಿ ಬಿಗಿಹಿಡಿದಿದ್ದಳು, ನಗು ಕಣ್ಣಿನ ಕಡೆಯಿಂದ ದಾರಿ ಮಾಡಿಕೊಂಡಿತು. ಜಗಳ ಅಲ್ಲಿಗೆ ಅರ್ಧ ಮುಗಿಯಿತು.

ಭುವನೇಶ್ವರಿ ಎಂದು ಹೆಸರು. ಮೂವತ್ತೆಂಟು ವಯಸ್ಸು. ಗಂಡ ವಿನೋದ ಛಾಪಖಾನೆಯಲ್ಲಿ ಅಕ್ಷರ ಜೋಡಿಸುತ್ತಿದ್ದ, ಎಂಟು ವರ್ಷದ ಹಿಂದೆ ಜ್ವರ ಬಂದು ಹೋದ. ಆಮೇಲೆ ಅವಳು ಕಂಪ್ಯೂಟರ್ ಕಲಿತು ಮನೆಯಲ್ಲೇ ಟೈಪಿಂಗ್ ಹಿಡಿದಿದ್ದಳು. ಇದನ್ನೆಲ್ಲ ಅವನು ತಿಳಿದದ್ದು ಮುಂದೆ, ವಾರಕ್ಕೊಂದಿಷ್ಟು. ಆ ದಿನ ನೋಡಿದ್ದು ಮೇಜಿನ ಕೆಳಗಿನ ವಾಯರುಗಳನ್ನು ಮಾತ್ರ.

"ಯಾರ ಹಚ್ಚಿಕೊಟ್ರಿ ಇದನ್ನ?"

"ನಾನ ಹಚ್ಚೇನಿ. ಡಬ್ಬ್ಯಾಗ ಪುಸ್ತಕ ಇತ್ತಲ್ಲ, ಓದಿ ಹಚ್ಚೇನಿ. ಯಾಕ, ತಪ್ಪೈತೇನು?"

"ತಪ್ಪಿಲ್ರಿ. ಒಂದು ಮಾನಿಟರಿಂದು, ಒಂದು ಸಿಪಿಯುದು. ಈ ಮೂರನೇ ವಾಯರು ಎಲ್ಲಿಗೆ ಹೋಗೇತ್ರಿ?"

ಅವಳು ಮೇಜಿನ ಕಾಗದಗಳನ್ನು ಜೋಡಿಸತೊಡಗಿದಳು. ಅವನು ವಾಯರನ್ನು ಹಿಡಿದು ಗೋಡೆಗುಂಟ ಹೋದ. ಅದು ಕಪಾಟಿನ ಹಿಂದೆ ಹಾದು ಮೂಲೆಯ ಸ್ಟೂಲಿನ ಮೇಲೆ ಕಸೂತಿ ಬಟ್ಟೆ ಹೊದ್ದು ಕುಳಿತಿದ್ದ ಒಂದು ರೇಡಿಯೋಕ್ಕೆ ಮುಟ್ಟಿತು. ಹಳೆಯ ವಾಲ್ವ್ ರೇಡಿಯೋ. ಶಿವಯೋಗೀಶ ಬಟ್ಟೆಯ ಅಂಚು ಸರಿಸಿ ನೋಡಿದ. ತನ್ನೂರು ಅಮ್ಮಿನಬಾವಿಯಿಂದ ಬಂದು ಅವನು ಮೊದಲು ಕೈ ಹಚ್ಚಿದ ಕೆಲಸವೇ ಇಂಥ ರೇಡಿಯೋಗಳದು.

"ಅಕ್ಕಾರ, ಇದು ಬಾಳ ಕರೆಂಟ್ ತಿಂತೈತ್ರಿ. ಯುಪಿಎಸ್ಸಿಗೆ ಇದನ್ನ ಹಚ್ಚಬಾರದು."

"ಪುಸ್ತಕದಾಗ ಫ್ಯಾನ್ ಹಚ್ಚಬ್ಯಾಡ್ರಿ, ಮಿಕ್ಸರ್ ಹಚ್ಚಬ್ಯಾಡ್ರಿ, ಪ್ರಿಂಟರ್ ಹಚ್ಚಬ್ಯಾಡ್ರಿ ಅಂತ ಬರದಾರ. ರೇಡಿಯೋ ಹಚ್ಚಬ್ಯಾಡ್ರಿ ಅಂತ ಎಲ್ಲಿ ಬರದಾರ, ತೋರಸ್ರಿ."

"ಯಾರರ ಹಚ್ಚತಾರ ಅಂತ ಅವರಿಗೆ ಗೊತ್ತಿದ್ದಿಲ್ಲ ಕಾಣಸ್ತದ. ಹಾಡಿನ ಹಿಂದ ಗುಂಯ್ ಅಂತ ಸಪ್ಪಳ ಬರ್ತಿರಬೇಕಲ್ರಿ?"

"ಬರ್ತೈತಿ. ಜೇನಹುಳ ಒಂದು ಒಳಗ ಕುಂತು ಸಾಥ್ ಕೊಟ್ಟಂಗ."

"ಮತ್ತ ಯಾಕ ಹಚ್ಚತೀರಿ?"

ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. "ಕರೆಂಟ್ ಹೋತಂದ್ರ ಈ ಮನ್ಯಾಗ ಏನೂ ಸಪ್ಪಳ ಇರೂದಿಲ್ರಿ. ಎದುರಿನ ಗಿರಣಿ ಸೈತ ನಿಂತಬಿಡತೈತಿ. ನನಗ ಅಂಜಿಕಿ ಬರತೈತಿ."

ಅದನ್ನು ಅವಳು ಒಬ್ಬ ರಿಪೇರಿಯವನಿಗೆ ಹೇಳಬೇಕೆಂದಿರಲಿಲ್ಲ, ಹೇಳಿಹೋಗಿತ್ತು. ಶಿವಯೋಗೀಶ ಬಗ್ಗಿ ರೇಡಿಯೋದ ವಾಯರನ್ನು ಮೆಲ್ಲಗೆ ಬಿಡಿಸಿ ಗೋಡೆಯ ಪ್ಲಗ್ಗಿಗೆ ಹಚ್ಚಿದ. ಅವನಿಗೂ ಸಪ್ಪಳವಿಲ್ಲದ ಕೋಣೆ ಗೊತ್ತಿತ್ತು. ಅಂಗಡಿಯ ಹಿಂದಿನ ಖೋಲಿಯಲ್ಲಿ ಅವನ ವಾಸ, ಎರಡೂ ಹೊತ್ತು ಹುಲಿಗೆವ್ವನ ಖಾನಾವಳಿಯ ಊಟ. ಇಪ್ಪತ್ತಾರನೇ ವಯಸ್ಸಿನಲ್ಲಿ ಒಂದು ಸಂಬಂಧ ಗೊತ್ತಾಗಿ, ರೇಡಿಯೋ ರಿಪೇರಿ ಮಾಡುವವನಿಗೆ ಹೇಗೆ ಕೊಡುವುದೆಂದು ಕನ್ಯೆಯ ಕಡೆಯವರು ಮುರಿದುಕೊಂಡಿದ್ದರು. ಆಮೇಲೆ ಯಾರೂ ಆ ಸುದ್ದಿ ತೆಗೆಯಲಿಲ್ಲ, ಈಗ ನಲವತ್ಮೂರು. ಹಬ್ಬಕ್ಕೆ ಊರಿಗೆ ಹೋದರೆ ಅಣ್ಣನ ಮನೆಯಲ್ಲಿ ಹೊಸ ಚಾಪೆ ಹಾಸಿ, ಮೊದಲ ಪಂಕ್ತಿಯಲ್ಲಿ ಕೂರಿಸಿ ಉಪಚಾರ ಮಾಡುತ್ತಿದ್ದರು. ಹುಟ್ಟಿದ ಮನೆಯಲ್ಲೇ ಬೀಗರಂತೆ ಉಣ್ಣುವುದು ಎಷ್ಟು ಕಷ್ಟವೆಂದು ಅವನು ಯಾರಿಗೂ ಹೇಳಿರಲಿಲ್ಲ.

"ಬ್ಯಾಟರಿ ಖಾಲಿ ಆಗೇತ್ರಿ. ಪೂರಾ ತುಂಬಲಿ. ಮುಂದಿನ ಗುರುವಾರ ಇದ ಹೊತ್ತಿಗೆ ಬಂದು ನೋಡ್ತೇನಿ," ಎಂದ. ಅಲ್ಲಿಗೆ ನಿಲ್ಲಿಸಬೇಕಿತ್ತು, ಬಾಯಿ ನಿಲ್ಲಲಿಲ್ಲ. "ಖರೇ ಖರೇ ಕರೆಂಟ್ ಹೋದಾಗನ ಟೆಸ್ಟ್ ಮಾಡಬೇಕ್ರಿ ಇದನ್ನ. ಅದೂ ಒಂದೆರಡು ಸಲ ಅಲ್ಲ. ಒಂದಿಷ್ಟು ವಾರ ನೋಡಬೇಕಾಗ್ತದ."

ಇದು ಶುದ್ಧ ಸುಳ್ಳು. ಯುಪಿಎಸ್ಸಿನ ಬ್ಯಾಟರಿ ಪರೀಕ್ಷೆ ಮಾಡಲು ಗೋಡೆಯ ಸ್ವಿಚ್ಚು ಆರಿಸಿದರೆ ಆಯಿತು, ಅದಕ್ಕೆ ಕರೆಂಟು ಹೋದದ್ದೂ ಒಂದೇ, ಸ್ವಿಚ್ಚು ಆರಿದ್ದೂ ಒಂದೇ. ಒಂದು ದಿನದ ಕೆಲಸ. ಇಪ್ಪತ್ತು ವರ್ಷದಲ್ಲಿ ಗಿರಾಕಿಗೆ ಒಂದೂ ಸುಳ್ಳು ಹೇಳದ ಮನುಷ್ಯ ಅಂದು ಯಾಕೆ ಹೇಳಿದನೋ, ಮೆಟ್ಟಿಲು ಇಳಿಯುವಾಗ ಅವನಿಗೇ ಗಾಬರಿಯಾಗಿತ್ತು.

ಭುವನೇಶ್ವರಿ ಮಾತ್ರ ಅವನನ್ನು ಒಂದು ಗಳಿಗೆ ನೋಡಿ, "ಹಂಗೇನ್ರಿ? ಬರ್ರಿ ಹಂಗಾರ," ಎಂದಿದ್ದಳು.

* * *

ಗುರುವಾರ ನಾಲ್ಕಕ್ಕೆ ಐದು ನಿಮಿಷ ಇರುವಾಗ ಅವನು ಗಲ್ಲಿಗೆ ಬರುತ್ತಿದ್ದ. ನಾಲ್ಕಕ್ಕೆ ಸರಿಯಾಗಿ ಗಿರಣಿ ಉಸಿರು ಬಿಟ್ಟು ನಿಲ್ಲುತ್ತಿತ್ತು. ಕಟ್ಟೆಯ ಮೇಲಿನಿಂದ ದೇವಕ್ಕ, "ಕರೆಂಟ್ ಹೋಗೂದು, ಈ ಪುಣ್ಯಾತ್ಮ ಬರೂದು, ಒಂದ ಟೈಮ್," ಎಂದು ಶೇಂಗಾಕ್ಕೆ ಹೇಳುತ್ತಿದ್ದಳು. ಮೇಲೆ ಯುಪಿಎಸ್ಸು ಬೀಪ್ ಎನ್ನುತ್ತಿತ್ತು. ಅವನು ಕಿಸೆಯಿಂದ ಸಣ್ಣ ನೋಟ್‌ಬುಕ್ ತೆಗೆದು, ಕೈಗಡಿಯಾರ ನೋಡಿ, ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂರುತ್ತಿದ್ದ. ಬಾಗಿಲು ಹಾರುಹೊಡೆದೇ ಇರುತ್ತಿತ್ತು.

"ಬೀಪ್ ಅಂದ ಕೂಡಲೇ ಮೊದಲ ಸೇವ್ ಮಾಡ್ರಿ ಅಕ್ಕಾರ. ಇದು ಕೆಲಸಾ ಮಾಡಾಕ ಕೊಟ್ಟ ಟೈಮ್ ಅಲ್ಲ, ಮಾಡಿದ್ದನ್ನ ಉಳಿಸಿ ಬಂದ್ ಮಾಡಾಕ ಕೊಟ್ಟದ್ದು," ಎಂದು ಮೊದಲ ವಾರ ಕಲಿಸಿಕೊಟ್ಟ.

"ಉಳಸಾಕ ಅರ್ಧಾ ನಿಮಿಷ ಸಾಕು. ಮತ್ತ ಹದಿನೈದು ಯಾಕ?"

"ಉಳದದ್ದು ಧೈರ್ಯಕ್ಕರಿ."

ಅವಳು ತಿರುಗಿ ನೋಡಿದಳು. ಆಮೇಲೆ ಕೀಲಿಗಳ ಮೇಲೆ ಬೆರಳಿಟ್ಟುಕೊಂಡೇ ಇದ್ದಳು, ಬಹಳ ಹೊತ್ತು ಒಂದಕ್ಷರವೂ ಒತ್ತಲಿಲ್ಲ.

ಎರಡನೇ ವಾರ ಅವನು ಅಂಗೈಯಗಲದ ಒಂದು ಟ್ರಾನ್ಸಿಸ್ಟರ್ ತಂದ. ಹಳೆಯ ಭಾಗಗಳಿಂದ ತಾನೇ ಜೋಡಿಸಿದ್ದು. "ಎರಡು ಶೆಲ್ ಹಾಕಿದ್ರ ತಿಂಗಳಾನುಗಟ್ಲೆ ಬರ್ತೈತ್ರಿ. ಕರೆಂಟ್ ಹೋದಾಗ ಸಪ್ಪಳಕ್ಕಾತು." ಅವಳು ಎರಡೂ ಕೈಯಿಂದ ತೆಗೆದುಕೊಂಡಳು. ಅದರ ಕಿವಿ ತಿರುವಿ ಒಂದು ಭಾವಗೀತೆ ಹಿಡಿದಳು, ಎರಡು ಸಾಲು ಕೇಳಿ ಮತ್ತೆ ಬಂದ್ ಮಾಡಿದಳು.

"ಛಲೋ ಇಲ್ಲೇನ್ರಿ ದನಿ?"

"ಛಲೋ ಐತಿ. ನೀವ್ ಹೋದ ಮ್ಯಾಲ ಹಚ್ಚತೇನಿ. ಈಗ ಯಾಕ?"

ಆ ಮಾತನ್ನು ಅವನು ಖಾನಾವಳಿಗೆ ಹೊತ್ತುಕೊಂಡು ಹೋದ. ಹುಲಿಗೆವ್ವ, "ರೊಟ್ಟಿ ಹಾಕಲೇನು?" ಎಂದು ಮೂರು ಸಲ ಕೇಳಿದಳು, ಅವನಿಗೆ ಕೇಳಿಸಲಿಲ್ಲ.

ಹದಿನಾಲ್ಕು ನಿಮಿಷ, ಹದಿನೈದು, ಹದಿನೈದು, ಮತ್ತೆ ಹದಿನಾಲ್ಕು. ನೋಟ್‌ಬುಕ್ಕಿನಲ್ಲಿ ತಾರೀಖಿನ ಮುಂದೆ ನಿಮಿಷ ಬರೆಯುತ್ತ ಹೋದ. ಆ ನಿಮಿಷಗಳಲ್ಲಿ ಅವಳು ಪ್ರಬಂಧದ ಸಾಲು ಓದಿ ನಗಿಸುತ್ತಿದ್ದಳು. ಅವನು ಸಿಡಿಲು ಬಿದ್ದ ರೇಡಿಯೋ ಒಂದು ಮಾರನೇ ದಿನ ತಾನಾಗಿಯೇ ಹಾಡಿದ ಕಥೆ ಹೇಳಿದ. ಒಮ್ಮೆ ಗಂಡನ ಸುದ್ದಿ ಬಂದಾಗ, "ಮೂಲಿ ರೇಡಿಯೋ ಅವರದ. ಅದನ್ನ ಹಚ್ಚಿ ಪ್ರೂಫ್ ನೋಡತಿದ್ರು. ಮನುಷ್ಯಾ ಹೋದ ಮ್ಯಾಲ ಅವರ ಸಪ್ಪಳನರ ಇರಲಿ ಅಂತ ಇಟ್ಟೇನಿ," ಎಂದಳು. ಅವನು ಮುಂದಿನ ವಾರ ಬಂದಾಗ ಆ ರೇಡಿಯೋದ ಸವೆದ ನಾಬು ಬದಲಿಸಿಕೊಟ್ಟ.

ಕೊನೆಗೆ ಬೀಪು ಜೋರಾಗುತ್ತಿತ್ತು, ಒಂದರ ಬೆನ್ನಿಗೆ ಒಂದು, ಆಮೇಲೆ ಎಳೆದು ಕೂಗಿ ಎಲ್ಲ ನಿಲ್ಲುತ್ತಿತ್ತು. ಮಾನಿಟರ್ ಕಪ್ಪಾಗಿ ಅದರ ಗಾಜಿನಲ್ಲಿ ಕೋಣೆ ಮೂಡುತ್ತಿತ್ತು. ಬಾಗಿಲ ಬೆಳಕು, ಕುರ್ಚಿ, ಕುರ್ಚಿಯಲ್ಲಿ ಅವನು, ಮುಂದೆ ಅವಳು. ಅವಳು ಗಾಜಿನಲ್ಲೇ ಅವನನ್ನು ನೋಡುವುದನ್ನು ಅವನು ಎರಡು ಸಲ ಹಿಡಿದಿದ್ದ. ಅವಳೂ ಅವನನ್ನು ಅಷ್ಟೇ ಸಲ ಹಿಡಿದಿರಬೇಕು. ಮರುಕ್ಷಣ ಅವನು ಎದ್ದು, ನಿಮಿಷ ಬರೆದುಕೊಂಡು, ಬರ್ತೇನಿ ಎಂದು ಇಳಿದುಬಿಡುತ್ತಿದ್ದ. ಮಷೀನು ನಿಂತ ಮೇಲೆ ಒಂಟಿ ಹೆಂಗಸಿನ ಮನೆಯಲ್ಲಿ ಕೂರಲು ಅವನಲ್ಲಿ ಯಾವ ಕಾರಣವೂ ಇರಲಿಲ್ಲ.

ಆರನೇ ವಾರ ಅವಳು ಕೀಲಿಮಣೆ ಒರೆಸುತ್ತ ಕೇಳಿದಳು. "ಮೊದಲ ನನಗ ಅಕ್ಕಾರ ಅಂತಿದ್ರಿ. ಈಗ ಎರಡ ವಾರದಿಂದ ಏನಂತಲೂ ಕರ್ಯಾಕತ್ತಿಲ್ಲ."

ಶಿವಯೋಗೀಶ ನೋಟ್‌ಬುಕ್ಕಿನಲ್ಲಿ ಮುಖ ಹುದುಗಿಸಿದ. ಊರಿನ ಹೆಣ್ಣುಮಕ್ಕಳೆಲ್ಲ ಅವನಿಗೆ ಅಕ್ಕಾರ. ಈ ಒಬ್ಬಳನ್ನು ಹಾಗೆ ಕರೆಯಲು ನಾಲಿಗೆ ಏಳುತ್ತಿರಲಿಲ್ಲ, ಬೇರೆ ಕರೆಯಲು ಹಕ್ಕಿರಲಿಲ್ಲ. "ಮರ್ತಿರಬೇಕ್ರಿ," ಎಂದ.

"ಮರತದ್ದ ಛಲೋ ಆತು," ಎಂದಳು ಅವಳು, ಪರದೆಯ ಕಡೆಗೆ ನೋಡುತ್ತ.

ಖಾದರಬಾಷಾನಿಗೆ ಎಲ್ಲ ಗೊತ್ತಿತ್ತು. ತಾಮ್ರದ ತಂತಿ ಸುತ್ತುವವನ ತಾಳ್ಮೆಯಿಂದ ಹತ್ತು ವಾರ ನೋಡಿ ಒಂದು ದಿನ ಬಾಯಿ ಬಿಟ್ಟ. "ಗ್ವಾಡೀ ಸ್ವಿಚ್ ಆರಿಸಿದ್ರ ಮುಗಿಯೂ ಕೆಲಸಕ್ಕ ಹತ್ತ ವಾರಾ ಹಾಕೀಯಲ್ಲೋ. ಆಕೀಗೆ ಹೇಳಿಬಿಡು ಖರೇದ್ದ."

"ಹೇಳಿದ್ರ ಮೋಸಗಾರ ಅಂತಾಳ. ಮೆಟ್ಟಲಾ ಹತ್ತಗೊಡೂದಿಲ್ಲ."

"ಹೇಳದಿದ್ರ?"

ಶಿವಯೋಗೀಶ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. ಹೇಳಿದರೆ ಅವಳ ವಿಶ್ವಾಸ ಹೋಗುತ್ತದೆ. ಹೇಳದೆ ಇದ್ದರೆ ಇವತ್ತಲ್ಲ ನಾಳೆ ನೆವ ಮುಗಿದು ಅವಳೇ ಹೋಗುತ್ತಾಳೆ. ಬದುಕಿನಲ್ಲಿ ಅವನಿಗಿದ್ದದ್ದು ವಾರಕ್ಕೆ ಹದಿನೈದು ನಿಮಿಷ, ಅದೂ ಸುಳ್ಳಿನ ಮೇಲೆ ನಿಂತಿತ್ತು.

* * *

ಆ ಗುರುವಾರವೇ ಅವಳು ಕೇಳಿಬಿಟ್ಟಳು. ಹದಿಮೂರು ನಿಮಿಷ ಆಗಿತ್ತು, ಬೀಪು ಇನ್ನೂ ಅವಸರಿಸಿರಲಿಲ್ಲ.

"ಇದನ್ನ ಇನ್ನ ಎಷ್ಟ ಸಲ ನೋಡಬೇಕ್ರಿ?"

ಅವನು ನೋಟ್‌ಬುಕ್ ಮಡಿಸಿದ. ದೇವಕ್ಕ ಏನಾದರೂ ಅಂದಿರಬೇಕು. ಗಲ್ಲಿಯ ಜನ ಆಡಿಕೊಂಡಿರಬೇಕು. ಅಥವಾ ಅವಳಿಗೇ ಸಾಕಾಗಿರಬೇಕು. ಬೇಸರವನ್ನು ಇದಕ್ಕಿಂತ ಮರ್ಯಾದೆಯಿಂದ ಹೇಗೆ ಹೇಳುತ್ತಾರೆ?

"ಇದ ಕಡೀದ್ರಿ," ಎಂದ.

ಅವಳು ಕನ್ನಡಕ ತೆಗೆದಳು. ಒರೆಸಲಿಲ್ಲ, ಸುಮ್ಮನೆ ಕೈಯಲ್ಲಿ ಹಿಡಿದುಕೊಂಡಳು. "ಹಂಗಾರ ಮಷೀನು ಛಲೋ ಐತಿ ಅನ್ರಿ."

"ಛಲೋ ಐತ್ರಿ."

"ಛಲೋ ಆತು."

ಮಷೀನು ನಿಲ್ಲುವುದಕ್ಕೂ ಕಾಯದೆ ಅವನು ಎದ್ದ. ಕೆಳಗೆ ಬಂದು ಲೂನಾದ ಮೇಲೆ ಕುಳಿತವನು ಅದನ್ನು ಚಾಲೂ ಮಾಡಲು ಮರೆತು ಕುಳಿತೇ ಇದ್ದ. ಮೇಲಿನಿಂದ ಕೊನೆಯ ಉದ್ದ ಕೂಗು ಕೇಳಿತು, ಆಮೇಲೆ ಏನೂ ಇಲ್ಲ. ಟ್ರಾನ್ಸಿಸ್ಟರ್ ಹಚ್ಚಿದ ಸದ್ದಾದರೂ ಬರಬಹುದೆಂದು ಕಾದ. ಬರಲಿಲ್ಲ.

ಮರುವಾರ ಮಳೆ ಹಿಡಿಯಿತು. ಬಿಡದೆ ಹತ್ತು ದಿನ ಹೊಯ್ದು ಕೆರೆಕಟ್ಟೆ ತುಂಬಿದವು, ಲೋಡ್ ಶೆಡ್ಡಿಂಗ್ ರದ್ದಾಯಿತೆಂದು ಪೇಪರಿನಲ್ಲಿ ಬಂತು. ಊರಿಗೆಲ್ಲ ಖುಷಿ. ಶಿವಯೋಗೀಶನೊಬ್ಬ ಆ ಸುದ್ದಿಯನ್ನು ಸೂತಕದ ಕಾಗದ ಓದಿದ ಹಾಗೆ ಓದಿ ಮಡಿಸಿಟ್ಟ.

ಗುರುವಾರಗಳು ಬಂದವು. ನಾಲ್ಕು ಗಂಟೆಯಾಗುವುದನ್ನು ಅವನು ಮೈಯಲ್ಲೇ ತಿಳಿಯುತ್ತಿದ್ದ, ಗಡಿಯಾರ ಬೇಕಿರಲಿಲ್ಲ. ಒಮ್ಮೆ ಫೋನಿನ ಮುಂದೆ ಕುಳಿತು ಅವಳ ನಂಬರಿನ ಐದು ಅಂಕಿ ತಿರುವಿದ, ಆರನೆಯದಕ್ಕೆ ಕೈ ಬರಲಿಲ್ಲ. ಖಾದರಬಾಷಾ ನೋಡಿಯೂ ನೋಡದವನಂತೆ ಚಹಾ ತರಿಸಿ ಅವನ ಮುಂದಿಟ್ಟ, ಅದು ಆರಿಹೋಯಿತು. ಖೋಲಿಯಲ್ಲಿ ರಿಪೇರಿಗೆ ಬಂದ ಏಳೆಂಟು ಯುಪಿಎಸ್ಸುಗಳು ಸಾಲಾಗಿ ಕುಳಿತು ಚಾರ್ಜಾಗುತ್ತಿದ್ದವು. ಎಲ್ಲರ ಮನೆಯ ಆಪತ್ತಿಗೂ ಅವನಲ್ಲಿ ಒಂದೊಂದು ಡಬ್ಬಿ ಇತ್ತು, ತನ್ನದಕ್ಕೆ ಒಂದೂ ಇರಲಿಲ್ಲ.

ನಾಲ್ಕನೇ ಗುರುವಾರ ಮುಂಜಾನೆ ಅವನು ನಿಶ್ಚಯ ಮಾಡಿದ. ಹೋಗಿ ನಿಜ ಹೇಳುವುದು, ಬೈದರೆ ಬೈಸಿಕೊಳ್ಳುವುದು, ತಿರುಗಿ ಬರುವುದು. ಒಗೆದ ಅಂಗಿ ಹಾಕಿಕೊಂಡು ಮಧ್ಯಾಹ್ನದವರೆಗೆ ಆ ಮಾತುಗಳನ್ನೇ ಬಾಯಲ್ಲಿ ಹೊರಳಿಸಿದ. ಮೂರೂವರೆಗೆ ಫೋನು ರಿಂಗಾಯಿತು.

"ಕರೆಂಟ್ ಹೋಗೇತ್ರಿ," ಎಂದಳು ಭುವನೇಶ್ವರಿ. "ಮಷೀನು ಒದರಾಕತ್ತೇತಿ. ನೀವು ಬರಬೇಕು. ಲಗೂ ಬರ್ರಿ."

* * *

ಗಲ್ಲಿಯ ತಿರುವಿನಲ್ಲೇ ಶಿವಯೋಗೀಶನ ಕಿವಿ ನಿಮಿರಿತು. ಹೊಳೆಯಪ್ಪನ ಗಿರಣಿ ಓಡುತ್ತಿತ್ತು. ಜೋಳದ ಹಿಟ್ಟು ಹಾರಿ ಹೊಳೆಯಪ್ಪನ ಮೀಸೆಯೆಲ್ಲ ಬೆಳ್ಳಗಾಗಿತ್ತು. ಗಿರಣಿ ಓಡುತ್ತಿದ್ದರೆ ಗಲ್ಲಿಯಲ್ಲಿ ಕರೆಂಟಿದೆ. ದೇವಕ್ಕನ ಮನೆಯಿಂದ ಟೀವಿಯ ಧಾರಾವಾಹಿಯ ಅಳು ಕೇಳುತ್ತಿತ್ತು.

"ನಿಮ್ಮಲ್ಲೆ ಕರೆಂಟ್ ಐತೇನ್ರಿ ದೇವಕ್ಕಾರ?"

"ನಮಗೇನ ಧಾಡಿ, ಐತಿ," ಎಂದಳು ದೇವಕ್ಕ, ಮುಖದ ಒಂದು ಗೆರೆಯೂ ಅಲುಗದಂತೆ. "ಮ್ಯಾಲಿನ ಮನೀದಷ್ಟ ಹೋಗೇತಿ ಕಾಣಸ್ತದ. ಹೋಗ್ರಿ, ನಿಮ್ಮದು ಹದಿನೈದ ನಿಮಿಷದ ಕೆಲಸ ಅಲ್ಲೇನು?"

ಅರ್ಧ ಮೆಟ್ಟಿಲಿನಲ್ಲಿ ಹಾಡು ಕೇಳಿತು, ಅದರ ಹಿಂದೆ ಗುಂಯ್ ಎನ್ನುವ ಸದ್ದು. ಮೂಲೆಯ ರೇಡಿಯೋ ಮತ್ತೆ ಯುಪಿಎಸ್ಸಿಗೆ ಹತ್ತಿತ್ತು.

ಬಾಗಿಲು ಎಂದಿನಂತೆ ತೆರೆದಿತ್ತು. ಒಳಗೆ ಗೋಡೆಯ ಮೇನ್ ಸ್ವಿಚ್ಚಿನ ಹಿಡಿಕೆ ಕೆಳಗಾಗಿತ್ತು, ಅದರ ಕೆಳಗೆ ಸ್ಟೂಲು. ಯುಪಿಎಸ್ಸು ಬೀಪ್ ಎನ್ನುತ್ತಿತ್ತು. ಭುವನೇಶ್ವರಿ ತನ್ನ ಕುರ್ಚಿಯಲ್ಲಿ ಕುಳಿತಿದ್ದಳು, ಮಡಿಲಲ್ಲಿ ಒಂದು ತೆಳ್ಳನೆಯ ಪುಸ್ತಕ.

"ಮೇನ್ ಸ್ವಿಚ್ ಬಿದ್ದೈತ್ರಿ," ಎಂದ ಶಿವಯೋಗೀಶ.

"ಬಿದ್ದಿಲ್ಲ. ನಿಮ್ಮ ಲೂನಾದ ಸಪ್ಪಳ ಕೇಳಿ ಈಗ ಕೆಡವೇನಿ. ಕುಂಡ್ರಿ."

ಅವನು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕುಳಿತ. ಬಾಯಲ್ಲಿ ಹೊರಳಿಸಿದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

"ಒಂಬತ್ತನೇ ಪುಟ," ಎಂದು ಅವಳು ಪುಸ್ತಕ ಬಿಡಿಸಿದಳು. "ಇಂಗ್ಲಿಷಿನ್ಯಾಗ ಐತಿ, ನಾ ಕನ್ನಡದಾಗ ಹೇಳ್ತೇನಿ ಕೇಳ್ರಿ. ಬ್ಯಾಟರಿ ಪರೀಕ್ಷೆ ಮಾಡಬೇಕಾದರೆ ಗೋಡೆಯ ಸ್ವಿಚ್ಚನ್ನು ಆರಿಸಿರಿ. ಅಷ್ಟ ಬರದಾರ. ಗುರುವಾರ ಅಂತ ಎಲ್ಲೂ ಬರದಿಲ್ಲ."

ಅವನು ಕಿಸೆಯ ನೋಟ್‌ಬುಕ್ಕನ್ನು ಮುಟ್ಟಿ ನೋಡಿಕೊಂಡ. "ಇದನ್ನ ಯಾವಾಗ ಓದಿದ್ರಿ?"

"ತಂದ ದಿನಾನ. ಓದಿ ಹಚ್ಚೇನಿ ಅಂತ ಹೇಳಿದ್ದೆನಲ್ಲ. ಅಕ್ಷರ ಕಂಡ್ರ ಓದೂದು ನನ್ನ ಹೊಟ್ಟೀಪಾಡು."

"ಅಂದ್ರ ಮೊದಲಿಂದ..."

"ಮೊದಲಿಂದ."

"ಮತ್ತ ಹೇಳಲಿಲ್ಲ ಯಾಕ್ರಿ?"

ಅವಳು ಪುಸ್ತಕದ ಮೂಲೆ ಮಡಚಿ ಬಿಚ್ಚಿದಳು. "ಹೇಳಿದ್ರ ನೀವು ಬರೂದ ಬಿಡತಿದ್ರಿ. ಎಷ್ಟ ಸಲ ನೋಡಬೇಕು ಅಂತ ಕೇಳಿದ್ದು ಸಾಕಾಗಿ ಅಲ್ಲ. ಇನ್ನ ಎಷ್ಟ ಗುರುವಾರ ಉಳದಾವು, ತಿಳಕೊಂಡು ಜ್ವಾಕಿಲೆ ಇಟಗೋಬೇಕು ಅಂತ ಕೇಳಿದ್ದೆ. ನೀವು ಇದ ಕಡೀದು ಅಂದುಬಿಟ್ರಿ."

ಬೀಪು ಅವಸರಿಸತೊಡಗಿತು. ಅವನು ಅಭ್ಯಾಸಬಲದಿಂದ ಗಡಿಯಾರ ನೋಡಿದ.

"ರೇಡಿಯೋ ಹಚ್ಚೀರಿ. ಆರ ನಿಮಿಷಕ್ಕ ನಿಂದ್ರತೈತಿ ಅದು."

"ಲಗೂ ನಿಂದ್ರಲಿ ಅಂತನ ಹಚ್ಚೇನಿ." ಅವಳು ಈಗ ಪರದೆಯ ಕಡೆಗಲ್ಲ, ಅವನ ಕಡೆಗೇ ನೋಡುತ್ತಿದ್ದಳು. "ಹತ್ತ ವಾರ ನನ್ನ ಮಷೀನು ಟೆಸ್ಟ್ ಮಾಡಿದ್ರಿ. ಅದು ನಿಂತ ಕೂಡಲೇ ಎದ್ದ ಹೋಗೀರಿ. ನಿಂತ ಮ್ಯಾಲೂ ಕುಂಡ್ರತೀರೋ ಇಲ್ಲೋ, ಅದನ್ನ ನನಗ ನೋಡಬೇಕಾಗೇತಿ. ಈ ರೇಡಿಯೋ ನಿಂತ್ರ ಎಂಟ ವರ್ಷದಿಂದ ಅಂಜತಿದ್ದೆ. ಇವತ್ತ ನಾನಾಗೇ ನಿಲ್ಲಸಾಕತ್ತೇನಿ. ಇದು ನನ್ನ ಟೆಸ್ಟ್."

ಬೀಪುಗಳು ಒಂದರ ಮೇಲೊಂದು ಬಿದ್ದವು. ಕೊನೆಯ ಉದ್ದ ಕೂಗು. ಯುಪಿಎಸ್ಸು ನಿಂತಿತು, ಪರದೆ ಕಪ್ಪಾಯಿತು. ರೇಡಿಯೋ ಮಾತ್ರ ವಾಲ್ವ್ ಆರುವವರೆಗೆ ಹಾಡಿನ ಅರ್ಧ ಶಬ್ದ ಎಳೆದು, ದನಿ ತಗ್ಗಿಸಿ, ಸುಮ್ಮನಾಯಿತು.

ಕಪ್ಪು ಗಾಜಿನಲ್ಲಿ ಕೋಣೆ ಮೂಡಿತು. ಅವಳ ಕೈ ಮಡಿಲಲ್ಲಿ ಪುಸ್ತಕವನ್ನು ಗಟ್ಟಿಯಾಗಿ ಹಿಡಿದಿತ್ತು. ಅವಳು ಅವನನ್ನು ನೋಡುವುದು ಬಿಟ್ಟು ನೆಲ ನೋಡುತ್ತಿದ್ದಳು, ಮೆಟ್ಟಿಲು ಇಳಿದು ಹೋಗುವ ಅವನ ಚಪ್ಪಲಿಯ ಸದ್ದು ಈಗ ಕೇಳೀತೆಂದು ಕಿವಿಗೊಟ್ಟಿದ್ದಳು ಎಂದು ಅವನಿಗೆ ಗೊತ್ತಾಯಿತು.

ಶಿವಯೋಗೀಶ ಏಳಲಿಲ್ಲ. ಕುರ್ಚಿಯನ್ನು ಬಾಗಿಲ ಹತ್ತಿರದಿಂದ ಎರಡು ಮಾರು ಒಳಗೆ ಎಳೆದುಕೊಂಡು, ಅವಳ ಮೇಜಿನ ಪಕ್ಕ ಕುಳಿತ.

"ಭುವನೇಶ್ವರಿ," ಎಂದ. ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ನಿಮ್ಮ ಮಷೀನು ಮೊದಲನೇ ವಾರಾನ ಛಲೋ ಇತ್ತು. ನಾ ಛಲೋ ಇದ್ದಿಲ್ಲ. ನಿಮ್ಮ ಮನ್ಯಾಗ ಕುಂತ ಹದಿನೈದ ನಿಮಿಷ ಬಿಟ್ರ ವಾರದಾಗ ನನಗ ಬ್ಯಾರೆ ಏನೂ ಇರಲಿಲ್ಲ. ಸುಳ್ಳ ಹೇಳಿದ್ದಕ್ಕ ತಪ್ಪಾತು. ಬಂದದ್ದಕ್ಕ ತಪ್ಪಾತು ಅನ್ನೂದಿಲ್ಲ. ನಿಮ್ಮ ಮ್ಯಾಲ ಜೀವ ಇಟಗೊಂಡೇನಿ. ನಿಮಗ ಒಪ್ಪಿಗಿ ಇದ್ರ ಲಗ್ನಾ ಆಗೂನು. ಇಲ್ಲಂದ್ರೂ ಇವತ್ತ ನೀವ್ ಏಳು ಅನ್ನೂತನಕ ನಾ ಏಳೂದಿಲ್ಲ."

ಮನೆಯಲ್ಲಿ ಏನೂ ಸದ್ದಿರಲಿಲ್ಲ, ಎದುರಿನ ಗಿರಣಿಯ ಸದ್ದು ಬಿಟ್ಟರೆ. ಅವಳು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಅದನ್ನು ಹಣೆಯ ಮೇಲೇರಿಸಿ, ಮತ್ತೆ ಮೇಜಿನ ಮೇಲೆ ಕೈಯಾಡಿಸಿ ಹುಡುಕತೊಡಗಿದಳು.

"ಹಣೀ ಮ್ಯಾಲ ಐತಿ," ಎಂದ ಅವನು.

"ಇರಲಿ. ಚಷ್ಮಾ ಇಲ್ಲದನೂ ಈಗ ಛಲೋ ಕಾಣಾಕತ್ತೇತಿ," ಎಂದಳು. "ಏಳು ಅನ್ನೂದಿಲ್ಲ ನಾ. ಯಾವತ್ತೂ ಅನ್ನೂದಿಲ್ಲ. ಚಹಾ ಮಾಡತೇನಿ, ಕುಂಡ್ರಿ. ಇಷ್ಟ ದಿನ ಚಹಾ ಕುದಿಯೂದ್ರಾಗ ನೀವ್ ಓಡಿ ಹೋಗತಿದ್ರಿ."

ಅವಳು ಒಲೆಯ ಕಡೆಗೆ ಹೋದಳು. ಅವನು ಮೇನ್ ಸ್ವಿಚ್ಚಿನ ಕಡೆಗೆ ನೋಡಿದ, ಏಳಬೇಕೆನಿಸಲಿಲ್ಲ. ಕಿಸೆಯಿಂದ ನೋಟ್‌ಬುಕ್ ತೆಗೆದು ತಾರೀಖು ಬರೆದ, ಮುಂದೆ ನಿಮಿಷ ಬರೆಯದೆ ಹಾಗೇ ಮುಚ್ಚಿಟ್ಟ.

ಕೆಳಗಿನಿಂದ ದೇವಕ್ಕ ಕೂಗಿದಳು. "ಭುವನೇಶ್ವರೀ, ಕರೆಂಟ್ ಬಂತೇನವಾ?"

ಭುವನೇಶ್ವರಿ ಸಕ್ಕರೆಯ ಡಬ್ಬಿ ಹಿಡಿದುಕೊಂಡೇ ಬಾಗಿಲಿಗೆ ಬಂದು ಬಗ್ಗಿದಳು.

"ಇನ್ನೂ ಇಲ್ರಿ ದೇವಕ್ಕಾ," ಎಂದಳು. "ತಡಾ ಆಗ್ತದಂತ."